ಹಾಡು ಬಿಡಿಸಬೇಡಿ, ಜೊತೆಗೆ ಕೂತು ಕೇಳಿ

‘ಮಾರ್ಚ್‌ಗೆ ಮೊದಲು ದಕ್ಷಿಣ ಕೊರಿಯಾದ ಸುವೊನ್‌ಗೆ ಬರುತ್ತಿದ್ದೇವೆ, ಮಗಳಿಗೆ ಒಂಬತ್ತು ವರ್ಷ, ಕೊರಿಯನ್ ಒಂದಕ್ಷರವೂ ಬರುವುದಿಲ್ಲ, ಆದರೆ ದಿನವಿಡೀ ಬಿಟಿಎಸ್ ಅನ್ನೋ ಕೊರಿಯನ್ ಹುಡುಗರ ತಂಡದ ಹಾಡು’ ಅಂತ ಬರೆದಿದ್ದೀರಿ. ಈ ಹುಚ್ಚು ಬಿಡಿಸಿ ಪಾಠಕ್ಕೆ ಕೂರಿಸುವುದು ಹೇಗೆ ಅಂತ ಕೇಳಿದ್ದೀರಿ. ನಾವು ಇಲ್ಲಿಗೆ ಬಂದು ಹತ್ತು ವರ್ಷ ದಾಟಿತು. ಬಂದಾಗ ನನ್ನ ಮಗಳಿಗೂ ಅದೇ ವಯಸ್ಸು, ಅದೇ ಹುಚ್ಚು. ಬಿಡಿಸಬೇಡಿ. ಆ ಹಾಡಿನಿಂದಲೇ ಪಾಠ ಶುರು ಮಾಡಿ.

ಮೊದಲು ಅಕ್ಷರ. ರಾಜ ಸೆಜೊಂಗ್ 1446ರಲ್ಲಿ ಜನರ ಕೈಗೆ ಕೊಟ್ಟ ಕೊರಿಯನ್ ಲಿಪಿ ಹಂಗುಲ್‌ನಲ್ಲಿ ಈಗ ಮೂಲ ಅಕ್ಷರ ಇರುವುದು 24: 14 ವ್ಯಂಜನ, 10 ಸ್ವರ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹಾಡುಗಳು ಎಲ್ಲೆಲ್ಲೂ ಸಿಗುತ್ತವೆ, ಅವನ್ನು ಮುಟ್ಟಲೇಬೇಡಿ. ಅದನ್ನು ನೋಡಿ ಕಲಿತರೆ ಉಚ್ಚಾರ ಕೆಡುತ್ತದೆ, ಆಮೇಲೆ ತಿದ್ದುವುದು ಕಷ್ಟ. ಕನ್ನಡ ಬರೆಯಲು ಬರುವ ಮಗುವಿಗೆ ಹಂಗುಲ್ ಬೇಗ ಹತ್ತುತ್ತದೆ. ನಮ್ಮಲ್ಲಿ ‘ದ’ ಕೆಳಗೆ ಒಂದು ಗೀಟು ಎಳೆದರೆ ‘ಧ’ ಆಗುತ್ತದಲ್ವಾ? ಇಲ್ಲೂ ‘ಕ’ದಂಥ ಅಕ್ಷರಕ್ಕೆ ಒಂದು ಗೀಟು ಸೇರಿಸಿದರೆ ಉಸಿರು ಜಾಸ್ತಿ ಬಿಟ್ಟು ಹೇಳುವ ‘ಖ’. ವ್ಯಂಜನದ ಪಕ್ಕ ಅಥವಾ ಕೆಳಗೆ ಸ್ವರ, ಕೆಲವು ಸಲ ಅದರ ಅಡಿಗೆ ಇನ್ನೊಂದು ವ್ಯಂಜನ. ಒತ್ತಕ್ಷರ ಬರೆದ ಕೈಗೆ ಇದು ಹೊಸದೇನಲ್ಲ.

ನಾನು ಮಾಡಿದ್ದು ಇಷ್ಟೇ. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ನನ್ನ ಮಗಳ ಇಷ್ಟದ ಹಾಡಿನ ಪಲ್ಲವಿಯನ್ನು ದಪ್ಪಗೆ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದೆ. ಹಾಡು ಹಾಕಿ, ದನಿ ಎಲ್ಲಿಗೆ ಬಂತೋ ಅಲ್ಲಿ ಬೆರಳಿಡಬೇಕು. ಮೊದಲ ದಿನ ಬೆರಳು ಒಂದು ಕಡೆ, ಹಾಡು ಒಂದು ಕಡೆ. ಶನಿವಾರದ ಹೊತ್ತಿಗೆ ಬೆರಳೇ ಹಾಡಿಗಿಂತ ಮುಂದೆ ಓಡುತ್ತಿತ್ತು. ಆಮೇಲೆ ಮನೆ ಹತ್ತಿರದ ನೊರೆಬಾಂಗ್‌ಗೆ ಕರೆದುಕೊಂಡು ಹೋದೆ. ಕಾಸು ಹಾಕಿ ಹಾಡುವ ಚಿಕ್ಕ ಕೋಣೆ ಅದು. ಪರದೆ ಮೇಲೆ ಹಾಡಿನ ಒಂದೊಂದೇ ಅಕ್ಷರ ಬಣ್ಣ ತುಂಬಿಕೊಳ್ಳುತ್ತಾ ಹೋಗುತ್ತದೆ. ಜೋರಾಗಿ, ನಿಲ್ಲಿಸದೆ ಓದುವ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ.

ವಾಕ್ಯ ಕಟ್ಟುವ ರೀತಿಯೂ ನಮ್ಮದೇ. ಕ್ರಿಯಾಪದ ಕೊನೆಗೆ, ‘ಶಾಲೆಗೆ’ ಅನ್ನುವಾಗ ಬರುವ ‘ಗೆ’ ಥರದ ತುಣುಕು ಪದದ ಹಿಂದೆ. ಹಾಡುಗಳಲ್ಲಿ ‘ಬೊಗೊ ಶಿಪೊ’ ಅಂತ ಬಹಳ ಸಲ ಕೇಳಿಸುತ್ತದೆ. ‘ಬೊಗೊ’ ಅಂದರೆ ನೋಡುವುದು, ‘ಶಿಪೊ’ ಅಂದರೆ ಬೇಕು ಅನ್ನಿಸುವುದು. ಊರಿಗೆ ಫೋನ್ ಮಾಡಿದಾಗ ನನ್ನ ತಾಯಿ ‘ನಿನ್ನ ನೋಡ್ಬೇಕು ಅನ್ನಿಸ್ತಿದೆ’ ಅನ್ನುತ್ತಾರಲ್ಲ, ಅದೇ ಮಾತು. ಅಜ್ಜಿ ಹೇಳೋದೇ ಇದು ಅಂತ ಮಗಳು ಹೇಳಿದ ದಿನ ನನಗೆ ಕಣ್ಣು ತುಂಬಿ ಬಂದಿತ್ತು.

ಆದರೆ ಒಂದು ವಿಷಯದಲ್ಲಿ ಜೋಪಾನ. ಹಾಡುಗಳ ಭಾಷೆ ಹೆಚ್ಚಾಗಿ ಬನ್‌ಮಲ್, ಅಂದರೆ ಗೆಳೆಯರ ಜೊತೆ ಆಡುವ ಏಕವಚನದ ಮಾತು. ಶಾಲೆ ಸೇರಿದ ಎರಡನೇ ವಾರ ಟೀಚರ್ ಏನೋ ಹೇಳಿದರು, ಮಗಳು ಖುಷಿಯಾಗಿ ‘ಅರಸ್ಸೊ’ ಅಂದಳು. ‘ಗೊತ್ತಾಯ್ತು ಕಣೆ’ ಅಂದ ಹಾಗೆ. ಇಡೀ ತರಗತಿ ಸ್ತಬ್ಧ. ಮನೆಗೆ ಬಂದು ಅತ್ತಳು, ತಾನು ಏನು ತಪ್ಪು ಮಾಡಿದೆ ಅಂತಲೇ ಅವಳಿಗೆ ಗೊತ್ತಿರಲಿಲ್ಲ. ನಾನೇ ಮೊದಲು ಹೇಳಿಕೊಡಬೇಕಿತ್ತು. ಅವತ್ತಿನಿಂದ ಒಂದು ಆಟ ಶುರು ಮಾಡಿದೆವು: ಹಾಡಿನ ಪ್ರತಿ ಸಾಲನ್ನೂ ಟೀಚರ್‌ಗೆ ಹೇಳುವ ಹಾಗೆ ಬದಲಾಯಿಸುವುದು. ತುಂಬಾ ಕಡೆ ಕೊನೆಗೆ ‘ಯೊ’ ಸೇರಿಸಿದರೆ ಸಾಕು, ನಾವು ‘ರೀ’ ಸೇರಿಸಿದ ಹಾಗೆ. ಈ ಆಟವನ್ನು ನೀವು ಬೆಂಗಳೂರಿನಲ್ಲೇ ಶುರು ಮಾಡಿ.

ಲೆಕ್ಕಕ್ಕೂ ಹಾಡು ಆಗುತ್ತದೆ. ನಿಮಿಷಕ್ಕೆ 120 ಬೀಟ್, ಮೂರು ನಿಮಿಷದ ಹಾಡು, ಒಟ್ಟು 360. ಕುಣಿತ ಕಲಿಯುವಾಗ ಎಂಟೆಂಟಾಗಿ ಎಣಿಸುತ್ತಾರೆ, ಅಂದರೆ 45 ಎಂಟು. ಭಾಗಾಕಾರ ಅಂದರೆ ಮುಖ ತಿರುಗಿಸುತ್ತಿದ್ದವಳು ಹೆಜ್ಜೆ ಹಾಕುತ್ತಾ ಇದನ್ನು ಮಾಡಿದಳು.

ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸಿದ್ದು ಸಮಾಜ ಪಾಠ. ಗೋಡೆಗೆ ಕೊರಿಯಾದ ನಕ್ಷೆ ಹಾಕಿ ಬಿಟಿಎಸ್ ತಂಡದ ಏಳು ಜನರ ಊರು ಹುಡುಕಿದೆವು. ಜಿಮಿನ್, ಜಂಗ್‌ಕುಕ್ ಬುಸಾನ್‌ನವರು. ಶುಗಾ, ವಿ ದೇಗುವಿನವರು. ಜೆ-ಹೋಪ್ ಗ್ವಾಂಗ್ಜು. 2015ರ ಒಂದು ಹಾಡಿನಲ್ಲಿ ಜೆ-ಹೋಪ್ ತನ್ನ ಊರಿನ ಬಗ್ಗೆ ಹೇಳುತ್ತಾ ‘062-518’ ಅನ್ನುತ್ತಾನೆ. ‘ಅಮ್ಮ, ಇದು ಅವನ ಫೋನ್ ನಂಬರಾ?’ ಅಂತ ಕೇಳಿದಳು. 062 ಗ್ವಾಂಗ್ಜುವಿನ ಟೆಲಿಫೋನ್ ಕೋಡ್. 518 ಅಂದರೆ ಮೇ 18. 1980ರ ಆ ದಿನ ಸೇನಾ ಆಡಳಿತದ ವಿರುದ್ಧ ಗ್ವಾಂಗ್ಜುವಿನ ವಿದ್ಯಾರ್ಥಿಗಳು ಬೀದಿಗಿಳಿದರು, ಊರಿನ ಜನ ಜೊತೆಗೆ ನಿಂತರು, ಸೈನ್ಯ ಜನರ ಮೇಲೆ ಗುಂಡು ಹಾರಿಸಿತು. ಹತ್ತು ವರ್ಷದ ಮಗುವಿಗೆ ಇದನ್ನು ಹೇಗೆ ಹೇಳುವುದು ಅಂತ ನಾನು ತಡವರಿಸಿದೆ. ಆದರೂ ಮುಚ್ಚಿಡದೆ ಹೇಳಿದೆ. ಮುಂದಿನ ರಜೆಯಲ್ಲಿ ಅವಳೇ ಹಟ ಮಾಡಿ ಗ್ವಾಂಗ್ಜುವಿಗೆ ಕರೆದುಕೊಂಡು ಹೋದಳು. ಅವತ್ತಿನ ಹೋರಾಟದಲ್ಲಿ ಸತ್ತವರ ಸಮಾಧಿಗಳ ನಡುವೆ ಸುಮ್ನೆ ನಡೆದಳು, ಕಲ್ಲಿನ ಮೇಲಿನ ಹೆಸರುಗಳನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಮುಂದೆ ಶಾಲೆಯಲ್ಲಿ ಈ ಪಾಠ ಬಂದಾಗ ಮೊದಲು ಕೈ ಎತ್ತಿದವಳು ಅವಳೇ.

ಇನ್ನೊಂದು ಮಾತು. ಎಲ್ಲ ಹಾಡನ್ನೂ ಪಾಠ ಮಾಡಬೇಡಿ. ವಾರಕ್ಕೆ ಒಂದು ಸಾಕು, ಉಳಿದವು ನಿಮ್ಮ ಮಗಳ ಖುಷಿಗೆ ಇರಲಿ. ಆ ಕಲಾವಿದರ ಸಣಕಲು ಮೈ, ಸಣ್ಣ ವಯಸ್ಸಿನಿಂದ ಅವರು ಪಡುವ ಕಷ್ಟ, ಇವುಗಳ ಬಗ್ಗೆಯೂ ಅವಳ ಜೊತೆ ಬಿಚ್ಚಿ ಮಾತಾಡಿ. ನನ್ನ ಮಗಳು ಒಮ್ಮೆ ಊಟ ಬಿಡಲು ಶುರು ಮಾಡಿದಾಗ ನನಗೆ ಇದು ಅರ್ಥವಾಯಿತು.

ಶಾಲೆ ಮಾರ್ಚ್ ಮೊದಲ ವಾರ ಶುರು. ಕೊರಿಯನ್ ಬರದ ಮಕ್ಕಳಿಗೆ ಪ್ರತ್ಯೇಕ ತರಗತಿ ಕೆಲವು ಶಾಲೆಗಳಲ್ಲಿ ಮಾತ್ರ ಇರುತ್ತದೆ. ಅದಕ್ಕೆ ಮನೆ ಹಿಡಿಯುವ ಮೊದಲೇ ಶಾಲೆ ವಿಚಾರಿಸಿ. ಮಗಳ ಇಷ್ಟದ ಹಾಡು ಯಾವುದು ಅಂತ ಈಗಲೇ ಬರೆದು ಕಳಿಸಿ. ಬಂದ ಮೊದಲ ಶನಿವಾರ ನಮ್ಮಲ್ಲಿಗೆ ಊಟಕ್ಕೆ ಬನ್ನಿ, ಅಷ್ಟರಲ್ಲಿ ಕ್ಯಾಲೆಂಡರ್ ಹಾಳೆ ಬರೆದಿಟ್ಟಿರುತ್ತೇವೆ.