ದರ ಬಂದ ಕೂಡಲೇ ಸೈಟ್ ನಿಲ್ಲುವುದೇಕೆ?

ಪ್ರಶ್ನೆ: ಶಿರಸಿಯ ಅಡಿಕೆ ದರ ಹಾಕುವ ಸಣ್ಣ ವೆಬ್‌ಸೈಟ್ ನಮ್ಮದು. ಮಧ್ಯಾಹ್ನ ಟೆಂಡರ್ ಮುಗಿದು ರಾಶಿ, ಚಾಲಿ ದರ ಹಾಕುತ್ತಿದ್ದ ಹಾಗೆ ಪುಟ ತೆರೆಯುವುದೇ ಇಲ್ಲ. ಆದರೆ ಸಿಪಿಯುಗೆ ಕೆಲಸವೇ ಇರುವುದಿಲ್ಲ. ಸರ್ವರ್ ತಂತ್ರಾಂಶ ಅಪಾಚೆ, ಅದರ ಪ್ರಿಫೋರ್ಕ್ ವಿಧಾನ, ಪುಟ ಕಳಿಸುವ ವರ್ಕರ್ (ಪ್ರೊಸೆಸ್) 150, ಉತ್ತರ ಕೊಟ್ಟ ಮೇಲೂ ಸಂಪರ್ಕ ತೆರೆದಿಡುವ ಕೀಪ್‌ಅಲೈವ್ ಟೈಮ್‌ಔಟ್ 60 ಸೆಕೆಂಡ್, ರ್‍ಯಾಮ್ 4 ಜಿಬಿ. ಒಂದೊಂದು ಪ್ರೊಸೆಸ್ ಸುಮಾರು 20 ಎಂಬಿ ತಿನ್ನುತ್ತದೆ. ವರ್ಕರ್ 400 ಮಾಡಲೇ?
— ಒಬ್ಬ ಓದುಗರು, ಶಿರಸಿ

ಉತ್ತರ: ದಯವಿಟ್ಟು ಮಾಡಬೇಡಿ. 400 ಪ್ರೊಸೆಸ್ ಅಂದರೆ 8 ಜಿಬಿ ಬೇಕು. ರ್‍ಯಾಮ್ ಸಾಲದೆ ಡಿಸ್ಕನ್ನೇ ಮೆಮೊರಿಯಾಗಿ ಬಳಸುವ ಸ್ವಾಪ್ ಶುರುವಾದರೆ ಈಗ ಓಡುತ್ತಿರುವಷ್ಟೂ ಓಡುವುದಿಲ್ಲ.

ಟೆಂಡರ್ ಮುಗಿಯುವ ಹೊತ್ತಿಗೆ ವರ್ಕರ್‌ಗಳ ಸ್ಥಿತಿ ತೋರಿಸುವ ಅಪಾಚೆಯ ಸರ್ವರ್-ಸ್ಟೇಟಸ್ ಪುಟ ತೆರೆದು ನೋಡಿ. ಒಂದೊಂದು ಅಕ್ಷರವೂ ಒಂದೊಂದು ವರ್ಕರ್. 'ಡಬ್ಲ್ಯೂ' ಇದ್ದರೆ ಅದು ಉತ್ತರ ಕಳಿಸುತ್ತಿದೆ. 'ಕೆ' ಇದ್ದರೆ ಉತ್ತರ ಕೊಟ್ಟಾಗಿದೆ, ಅದೇ ಗ್ರಾಹಕ ಮತ್ತೇನಾದರೂ ಕೇಳಿಯಾನೆಂದು ಕಾಯುತ್ತಿದೆ. ನಿಮ್ಮಲ್ಲಿ ಸಾಲುಸಾಲು 'ಕೆ' ಕಾಣುತ್ತದೆ ಅಂತ ನನ್ನ ಲೆಕ್ಕ. ಉಂಡವರು ಎಲೆ ಮುಂದಿಂದ ಏಳದಿದ್ದರೆ ಮುಂದಿನ ಪಂಕ್ತಿ ಕೂರುವುದು ಎಲ್ಲಿ?

ಪ್ರಿಫೋರ್ಕ್‌ನಲ್ಲಿ ಒಂದು ಸಂಪರ್ಕಕ್ಕೆ ಒಂದು ಇಡೀ ಪ್ರೊಸೆಸ್ ಮೀಸಲು. ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮವಾದ ಎಚ್‌ಟಿಟಿಪಿ 1.1ರಲ್ಲಿ ಬ್ರೌಸರ್ ಒಂದೇ ಸೈಟಿಗೆ ಸಾಮಾನ್ಯವಾಗಿ 6 ಸಂಪರ್ಕದವರೆಗೂ ತೆರೆಯುತ್ತದೆ. ಅಂದರೆ ಬರೀ 25 ಜನ ಬಂದರೂ ನಿಮ್ಮ 150 ವರ್ಕರ್ ಭರ್ತಿ ಆಗಬಹುದು. ಅವರು ದರ ನೋಡಿ ಮೊಬೈಲ್ ಜೇಬಿಗೆ ಹಾಕಿಕೊಂಡಿರುತ್ತಾರೆ. ವರ್ಕರ್ ಮಾತ್ರ ಒಂದು ನಿಮಿಷ ಕಾದು ಕೂತಿರುತ್ತದೆ. ಸಿಪಿಯು ಖಾಲಿ ಇರುವುದೂ ಇದಕ್ಕೇ.

ಟೈಮ್‌ಔಟನ್ನು 2 ಸೆಕೆಂಡಿಗೆ ಇಳಿಸಿ. ಅಪಾಚೆ 2.4ರಲ್ಲಿ ನಾವು ಏನೂ ಬದಲಿಸದಿದ್ದರೆ ಇರುವುದೇ 5 ಸೆಕೆಂಡ್. ಕೀಪ್‌ಅಲೈವನ್ನು ಪೂರ್ತಿ ತೆಗೆಯಿರಿ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ತೆಗೆದರೆ ಪ್ರತಿ ಚಿತ್ರಕ್ಕೂ ಹೊಸದಾಗಿ ಟಿಸಿಪಿ ಸಂಪರ್ಕ, ಅದರ ಮೇಲೆ ಸಂಪರ್ಕವನ್ನು ಸುರಕ್ಷಿತಗೊಳಿಸುವ ಟಿಎಲ್‌ಎಸ್ ಹ್ಯಾಂಡ್‌ಶೇಕ್ ಆಗಬೇಕು. ದೇವಿಮನೆ ಘಟ್ಟದ ಆಚೀಚೆ ಸಿಗ್ನಲ್ ಹೇಗಿರುತ್ತದೆ ಅಂತ ನಿಮಗೇ ಗೊತ್ತಲ್ವಾ? ತೋಟದಲ್ಲಿ ನಿಂತು ದರ ನೋಡುವ ಬೆಳೆಗಾರರಿಗೆ ಅದು ದೊಡ್ಡ ಕಾಯುವಿಕೆ.

ಕಾಯಂ ದಾರಿ ಬೇರೆ ಇದೆ. ನಿಮ್ಮ ಪುಟ ತಯಾರಿಸುವ ಪಿಎಚ್‌ಪಿ ಅಪಾಚೆಯ ಒಳಗೇ ಓಡುತ್ತಿದ್ದರೆ ಅದನ್ನು ಅಪಾಚೆಯ ಹೊರಗೆ ಬೇರೆಯಾಗಿ ಓಡಿಸುವ ಪಿಎಚ್‌ಪಿ-ಎಫ್‌ಪಿಎಂಗೆ ಸಾಗಿಸಿ, ಪ್ರಿಫೋರ್ಕ್ ಬಿಟ್ಟು ಅಪಾಚೆಯದೇ 'ಈವೆಂಟ್' ವಿಧಾನ ಹಾಕಿ. ಅಲ್ಲಿ ಸುಮ್ನೆ ಕೂತ ಸಂಪರ್ಕಗಳನ್ನೆಲ್ಲ ಒಂದು ಲಿಸನರ್ ಥ್ರೆಡ್ ನೋಡಿಕೊಳ್ಳುತ್ತದೆ, ವರ್ಕರ್ ಮುಂದಿನವರ ಕೆಲಸಕ್ಕೆ ಹೋಗುತ್ತದೆ. 2004ರಲ್ಲಿ ಬಂದ ಎಂಜಿನ್‌ಎಕ್ಸ್ ಎಂಬ ಇನ್ನೊಂದು ಸರ್ವರ್ ತಂತ್ರಾಂಶ ಕೂಡ ಹೀಗೆಯೇ ಒಂದೇ ಪ್ರೊಸೆಸ್‌ನಲ್ಲಿ ನೂರಾರು ಸಂಪರ್ಕ ಇಟ್ಟುಕೊಳ್ಳುತ್ತದೆ. ಆದರೆ ಇಷ್ಟು ಕೆಲಸ ಟೆಂಡರ್ ಇರುವ ದಿನ ಬೇಡ, ಭಾನುವಾರ ಮಾಡಿ. ಟೈಮ್‌ಔಟ್ ಬದಲಿಸುವುದನ್ನು ಇವತ್ತೇ ಮಾಡಬಹುದು. 'ರೀಸ್ಟಾರ್ಟ್' ಬದಲು 'ಗ್ರೇಸ್‌ಫುಲ್' ಕೊಡಿ, ಹಳೆ ಪ್ರೊಸೆಸ್‌ಗಳು ಕೈಯಲ್ಲಿರುವ ಕೆಲಸ ಮುಗಿಸಿಯೇ ಹೋಗುತ್ತವೆ.