ರಂಗಭೂಮಿಯ ಕಾದಂಬರಿ ಓದಿ ಇಂಗ್ಲಿಷ್ ನುಡಿಗಟ್ಟು ಕಲಿಯಬಹುದೇ?

ಕನ್ನಡ ಮಾಧ್ಯಮದಲ್ಲಿ ಪದವಿ ಮುಗಿಸಿದ್ದೀರಿ, ಇಂಗ್ಲಿಷ್ ನುಡಿಗಟ್ಟುಗಳ ಪಟ್ಟಿಯನ್ನು ಎಷ್ಟು ಬಾಯಿಪಾಠ ಮಾಡಿದರೂ ತಲೆಯಲ್ಲಿ ನಿಲ್ಲುತ್ತಿಲ್ಲ, ನಾಟಕದವರ ಬದುಕನ್ನು ಕುರಿತ ಇಂಗ್ಲಿಷ್ ಕಾದಂಬರಿಗಳನ್ನು ಓದಿದರೆ ಪ್ರಯೋಜನವಾದೀತೇ ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ. ಆದರೆ ಅಲ್ಲಿ ಸಿಗುವ ಮಾತುಗಳಲ್ಲಿ ಯಾವುದನ್ನು ನಾವೂ ಆಡಬಹುದು, ಯಾವುದನ್ನು ಓದಿ ಅರ್ಥ ಮಾಡಿಕೊಂಡರಷ್ಟೇ ಸಾಕು ಎಂಬುದನ್ನು ಮೊದಲಿನಿಂದಲೇ ಬೇರೆ ಬೇರೆ ಇಟ್ಟುಕೊಳ್ಳಬೇಕು. ಬಳ್ಳಾರಿಯಲ್ಲಿ ಪದವಿ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಹೇಳಿಕೊಡುತ್ತಾ ನಾನು ಕಂಡುಕೊಂಡದ್ದು ಇದನ್ನೇ.

ನಮ್ಮ ಸೀಮೆಯವರಿಗೆ ಈ ದಾರಿಯಲ್ಲಿ ಒಂದು ಅನುಕೂಲವೂ ಇದೆ. ಸಿರುಗುಪ್ಪ, ಕುರುಗೋಡು, ಸಂಡೂರು ಕಡೆಯ ಹಳ್ಳಿಗಳ ಜಾತ್ರೆಯಲ್ಲಿ ಊರಿನ ಹುಡುಗರು ಆಡುವ ಸಾಮಾಜಿಕ ನಾಟಕವನ್ನು ನೋಡಿದವರಿಗೆ ರಾತ್ರಿಯ ತಾಲೀಮು, ಹೊರಗಿನಿಂದ ಕರೆಸಿದ ಕಲಾವಿದೆಯರು, ಬಾಡಿಗೆಗೆ ತಂದ ಸೀನರಿ, ಸೈಡ್ ವಿಂಗಿನ ಮರೆಯಲ್ಲಿ ಪುಸ್ತಕ ಹಿಡಿದು ಮಾತು ಎತ್ತಿಕೊಡುವ ಮೇಷ್ಟ್ರು, ಎಲ್ಲವೂ ಕಣ್ಣಿಗೆ ಕಟ್ಟಿರುತ್ತವೆ. ಪಾರ್ಟು, ಸೀನು, ರಿಹರ್ಸಲ್, ಒನ್ಸ್ ಮೋರ್ ಎಂಬ ಪದಗಳನ್ನು ಇಂಗ್ಲಿಷ್ ಅಕ್ಷರ ಗೊತ್ತಿಲ್ಲದ ಹಿರಿಯರೂ ಸಲೀಸಾಗಿ ಬಳಸುತ್ತಾರೆ. ಇಂಗ್ಲೆಂಡಿನ ಪ್ರೇಕ್ಷಕರು ಮಾತ್ರ ಒನ್ಸ್ ಮೋರ್ ಎನ್ನದೆ ‘ಆಂಕೋರ್’ ಎಂದು ಕೂಗುತ್ತಾರೆ. ವಕೀಲಿ ಮಾಡುತ್ತಲೇ ತೆಲುಗು ನಾಟಕಗಳ ಜೊತೆಗೆ ಇಂಗ್ಲಿಷಿನಲ್ಲಿ ಶೇಕ್ಸ್‌ಪಿಯರ್‌ನ ಪಾತ್ರಗಳನ್ನೂ ಆಡಿದ ಬಳ್ಳಾರಿ ರಾಘವರ (1880–1946) ಊರು ಇದು. ಹಾಗಾಗಿ ಇಂಥ ಕಾದಂಬರಿಯ ಲೋಕ ನಮಗೆ ಪರಕೀಯವಲ್ಲ, ಪರಕೀಯವಾಗಿರುವುದು ಅಲ್ಲಿನ ಮಾತು ಮಾತ್ರ.

ಆ ಮಾತಿನಲ್ಲಿ ನಿಜವಾಗಿ ತೊಡಕಾಗುವುದು ಕಠಿಣ ಪದಗಳಲ್ಲ, ನಮಗೆ ಗೊತ್ತಿದೆ ಎಂದುಕೊಂಡಿರುವ ಸಣ್ಣ ಪದಗಳು. ‘ಷೀ ಡ್ರೈಡ್ ಇನ್ ದ ಸೆಕೆಂಡ್ ಆಕ್ಟ್’ ಎಂಬ ವಾಕ್ಯ ಕೊಟ್ಟಾಗ ತರಗತಿಯಲ್ಲಿ ಬಹುತೇಕರು ಆಕೆ ಏನನ್ನೋ ಒಣಗಿಸಿದಳು ಎಂದೇ ಬರೆಯುತ್ತಾರೆ. ಎರಡನೇ ಅಂಕದಲ್ಲಿ ಆಕೆಗೆ ಮಾತು ಮರೆತುಹೋಯಿತು, ಬಾಯಿ ಕಟ್ಟಿತು ಎಂಬುದು ಅದರ ಅರ್ಥ. ‘ಹೌಸ್’ ಎಂದರೆ ಮನೆಯಲ್ಲ, ಅಂದು ಸೇರಿದ ಪ್ರೇಕ್ಷಕರು. ನಮ್ಮ ಹೌಸ್‌ಫುಲ್ ಬೋರ್ಡಿನಲ್ಲಿರುವುದೂ ಅದೇ ಹೌಸ್, ಆದರೂ ಪುಸ್ತಕದಲ್ಲಿ ಬಂದಾಗ ನೆನಪಾಗುವುದಿಲ್ಲ. ‘ಡಾರ್ಕ್’ ಎಂದರೆ ಅಂದು ಆ ರಂಗಮಂದಿರದಲ್ಲಿ ಪ್ರದರ್ಶನವಿಲ್ಲ, ‘ನೋಟಿಸಸ್’ ಎಂದರೆ ಪತ್ರಿಕೆಗಳ ವಿಮರ್ಶೆ, ‘ರೆಸ್ಟಿಂಗ್’ ಎಂದರೆ ನಟನಿಗೆ ಸದ್ಯಕ್ಕೆ ಕೆಲಸವಿಲ್ಲ ಎಂಬುದನ್ನು ಮರ್ಯಾದೆಯಾಗಿ ಹೇಳುವ ರೀತಿ. ಗ್ಯಾಲರಿಯ ತುತ್ತತುದಿಯ ಅಗ್ಗದ ಸೀಟುಗಳನ್ನು ‘ದ ಗಾಡ್ಸ್’ ಎನ್ನುವುದು ತಿಳಿಯದಿದ್ದರೆ ದೇವಾನುದೇವತೆಗಳೇ ಚಪ್ಪಾಳೆ ತಟ್ಟಿದರೆಂದು ಓದಿಕೊಳ್ಳುವ ಅಪಾಯವಿದೆ. ಇಂಥ ಪದಗಳನ್ನು ಗುರುತು ಹಾಕಿಕೊಳ್ಳಿ, ಆದರೆ ಆಡಲು ಹೋಗಬೇಡಿ. ಇವು ರಂಗದ ಒಳಗಿನವರ ಭಾಷೆ. ಬ್ಯಾಂಕಿನಲ್ಲೋ ಆಫೀಸಿನಲ್ಲೋ ಬಳಸಿದರೆ ಇಂಗ್ಲಿಷ್ ಬಲ್ಲವರೂ ತಬ್ಬಿಬ್ಬಾಗುತ್ತಾರೆ.

ಇನ್ನೊಂದು ಬಗೆಯವು ರಂಗಮಂದಿರದಲ್ಲಿ ಹುಟ್ಟಿ ದಿನಬಳಕೆಗೆ ಇಳಿದುಬಂದ ಮಾತುಗಳು. ನೀವು ಕಲಿತು ಬಳಸಬೇಕಾದವು ಇವೇ, ಮತ್ತು ಕಾದಂಬರಿ ಪಟ್ಟಿಗಿಂತ ಮೇಲಾಗುವುದೂ ಇಲ್ಲಿಯೇ, ಏಕೆಂದರೆ ಅದು ಆ ಮಾತಿನ ಹಿಂದಿನ ವಸ್ತುವನ್ನೂ ಜಾಗವನ್ನೂ ತೋರಿಸುತ್ತದೆ. ‘ಲೈಮ್‌ಲೈಟ್’ (ಎಲ್ಲರ ಗಮನ ಸೆಳೆಯುವ ಸ್ಥಾನ) ಎಂಬುದರಲ್ಲಿರುವ ಲೈಮ್ ನಿಂಬೆಹಣ್ಣಲ್ಲ, ಸುಣ್ಣ. 19ನೇ ಶತಮಾನದ ರಂಗಮಂದಿರಗಳಲ್ಲಿ ಸುಣ್ಣದ ತುಂಡನ್ನು ಆಮ್ಲಜನಕ ಮತ್ತು ಜಲಜನಕದ ಜ್ವಾಲೆಯಿಂದ ಕಾಯಿಸಿ, ಅದು ಸೂಸುವ ಪ್ರಖರವಾದ ಬಿಳಿ ಬೆಳಕನ್ನು ಮುಖ್ಯ ನಟನ ಮೇಲೆ ಬಿಡುತ್ತಿದ್ದರು. ಹಳ್ಳಿ ನಾಟಕಗಳಲ್ಲಿ ಉರಿಯುತ್ತಿದ್ದ ಗ್ಯಾಸ್‌ಲೈಟಿನ ಮ್ಯಾಂಟಲ್ ಬೆಳಗುತ್ತಿದ್ದುದೂ ಹೆಚ್ಚುಕಡಿಮೆ ಇದೇ ತತ್ತ್ವದಿಂದ. ‘ಅಪ್‌ಸ್ಟೇಜ್’ ಇನ್ನೂ ಸ್ವಾರಸ್ಯದ್ದು. ಹಿಂದಿನ ಇಂಗ್ಲಿಷ್ ರಂಗಗಳು ಹಿಂಭಾಗದಲ್ಲಿ ಎತ್ತರವಾಗಿ, ಪ್ರೇಕ್ಷಕರ ಕಡೆಗೆ ಇಳಿಜಾರಾಗಿ ಇರುತ್ತಿದ್ದುದರಿಂದ ಹಿಂಭಾಗಕ್ಕೆ ಅಪ್ ಎಂದೂ ಮುಂಭಾಗಕ್ಕೆ ಡೌನ್ ಎಂದೂ ಹೆಸರಾಯಿತು. ಮಾತಿನ ನಡುವೆ ಒಬ್ಬ ನಟ ಉಪಾಯವಾಗಿ ಹಿಂದೆ ಸರಿದರೆ, ಅವನೊಡನೆ ಮಾತಾಡಬೇಕಾದ ಇನ್ನೊಬ್ಬ ಪ್ರೇಕ್ಷಕರಿಗೆ ಬೆನ್ನು ಮಾಡಿ ತಿರುಗಲೇಬೇಕಾಗುತ್ತದೆ. ಇಷ್ಟು ಗೊತ್ತಾದ ಮೇಲೆ, ಸಭೆಯಲ್ಲಿ ಒಬ್ಬರು ಇನ್ನೊಬ್ಬರನ್ನು ‘ಅಪ್‌ಸ್ಟೇಜ್’ ಮಾಡಿದರು, ಅಂದರೆ ಗಮನವನ್ನೆಲ್ಲ ತಮ್ಮತ್ತ ಸೆಳೆದುಕೊಂಡರು, ಎಂಬ ಪತ್ರಿಕೆಯ ವಾಕ್ಯಕ್ಕೆ ನಿಘಂಟು ಬೇಕಾಗುವುದಿಲ್ಲ. ‘ವೇಟಿಂಗ್ ಇನ್ ದ ವಿಂಗ್ಸ್’ (ಅವಕಾಶಕ್ಕಾಗಿ ಸಿದ್ಧವಾಗಿ ಕಾದಿರುವುದು), ‘ಆನ್ ಕ್ಯೂ’ (ಸರಿಯಾಗಿ ಅದೇ ಹೊತ್ತಿಗೆ), ‘ಬಿಹೈಂಡ್ ದ ಸೀನ್ಸ್’ (ತೆರೆಮರೆಯಲ್ಲಿ), ‘ಪ್ಲೇಯಿಂಗ್ ಟು ದ ಗ್ಯಾಲರಿ’ (ಜನರ ಮೆಚ್ಚುಗೆಗಾಗಿಯೇ ಆಡುವುದು) ಮೊದಲಾದವೂ ಇದೇ ಗುಂಪಿಗೆ ಸೇರುತ್ತವೆ. ಒಮ್ಮೆ ಕಥೆಯಲ್ಲಿ ಕಂಡರೆ ಸಾಕು.

ಯಾವುದನ್ನು ಓದಬೇಕು ಎಂದೂ ಕೇಳಿದ್ದೀರಿ. ನಗೆ ಬೇಕಾದರೆ ಡಿಕನ್ಸ್‌ನ ‘ನಿಕೊಲಸ್ ನಿಕಲ್ಬಿ’ (1838–39) ಇದೆ. ದೊಡ್ಡ ಪುಸ್ತಕವೆಂದು ಹೆದರಬೇಡಿ, 22ನೇ ಅಧ್ಯಾಯದಲ್ಲಿ ಕ್ರಮಲ್ಸ್ ಎಂಬಾತನ ಊರೂರು ತಿರುಗುವ ನಾಟಕ ಮಂಡಳಿ ಬರುವಲ್ಲಿಂದ ನಾಲ್ಕೈದು ಅಧ್ಯಾಯ ಓದಿ ಬಿಟ್ಟರೂ ನಷ್ಟವಿಲ್ಲ. ಕ್ರಮಲ್ಸ್ ಒಂದು ನಿಜವಾದ ನೀರಿನ ಪಂಪನ್ನೂ ಎರಡು ಬಟ್ಟೆ ಒಗೆಯುವ ತೊಟ್ಟಿಗಳನ್ನೂ ಅಗ್ಗವಾಗಿ ಕೊಂಡಿಟ್ಟುಕೊಂಡು, ಇವು ಬರುವಂತೆ ಹೊಸ ನಾಟಕ ಬರೆ ಎಂದು ನಿಕೊಲಸ್‌ಗೆ ಹೇಳುವ ಸಂದರ್ಭವನ್ನು ಓದಿದರೆ, ನಮ್ಮ ಡ್ರಾಮಾ ಕಂಪನಿಗಳನ್ನು ಬಲ್ಲವರು ಯಾರಾದರೂ ನಕ್ಕೇ ನಗುತ್ತಾರೆ. ಆದರೆ ಅದರ ವಾಕ್ಯಗಳು ಉದ್ದ, ಭಾಷೆ ಹಳೆಯದು. ಹೊಸಬರಿಗೆ ನಾನು ಮೊದಲು ಕೊಡುವುದು ಸಾಮರ್ಸೆಟ್ ಮಾಮ್‌ನ ‘ಥಿಯೇಟರ್’ (1937). ಜೂಲಿಯಾ ಲ್ಯಾಂಬರ್ಟ್ ಎಂಬ ಪ್ರಸಿದ್ಧ ನಟಿಯ ಕಥೆ ಅದು. ವಾಕ್ಯಗಳು ನೇರ, ಸಂಭಾಷಣೆ ಧಾರಾಳ. ಕೊನೆಯಲ್ಲಿ ಆಕೆ ಹೊಸ ನಾಟಕದ ಮೊದಲ ಪ್ರದರ್ಶನದಂದೇ ಕಿರಿಯ ನಟಿಯ ಮೇಲಿದ್ದ ಪ್ರೇಕ್ಷಕರ ಕಣ್ಣನ್ನು ತನ್ನತ್ತ ಎಳೆದುಕೊಳ್ಳುವ ಭಾಗವಂತೂ ಮೇಲೆ ಹೇಳಿದ ‘ಅಪ್‌ಸ್ಟೇಜ್’ ಎಂಬ ಮಾತಿಗೆ ಕಣ್ಣೆದುರಿನ ಉದಾಹರಣೆ. ವಿವಾಹಬಾಹಿರ ಪ್ರೇಮದ ವಸ್ತುವಾದ್ದರಿಂದ ಶಾಲಾ ಮಕ್ಕಳಿಗೆ ಹೇಳಿಸಿದ್ದಲ್ಲ. ಪತ್ತೇದಾರಿ ಇಷ್ಟವಿದ್ದರೆ, ಸ್ವತಃ ನಾಟಕಗಳನ್ನು ನಿರ್ದೇಶಿಸುತ್ತಿದ್ದ ನ್ಯೂಜಿಲೆಂಡಿನ ನಾಯೋ ಮಾರ್ಷ್ ಬರೆದ ‘ಓಪನಿಂಗ್ ನೈಟ್’ (1951) ಒಳ್ಳೆಯದು.

ಓದುವಾಗ ಪ್ರತಿ ಪದಕ್ಕೂ ನಿಘಂಟು ತೆರೆಯಬೇಡಿ, ಕಥೆ ಸತ್ತುಹೋಗುತ್ತದೆ. ಒಂದು ಅಧ್ಯಾಯ ಮುಗಿದ ಮೇಲೆ ಹಿಂದಿರುಗಿ, ಅನುಮಾನ ಹುಟ್ಟಿಸಿದ ಮಾತನ್ನು ಇಡೀ ವಾಕ್ಯದ ಸಮೇತ ನೋಟ್‌ಬುಕ್ಕಿಗೆ ಇಳಿಸಿ, ಯಾರು ಯಾರಿಗೆ ಯಾವ ಸಿಟ್ಟಿನಲ್ಲಿ ಅಥವಾ ಯಾವ ಸಲಿಗೆಯಲ್ಲಿ ಹೇಳಿದರು ಎಂಬುದನ್ನು ಪಕ್ಕದಲ್ಲಿ ಕನ್ನಡದಲ್ಲೇ ಬರೆಯಿರಿ. ಅರ್ಥಕ್ಕಿಂತ ಈ ಟಿಪ್ಪಣಿಯೇ ಮುಂದೆ ಕೆಲಸಕ್ಕೆ ಬರುವುದು. ಆಮೇಲೆ ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟನ್ನು ನೋಡಿ. ಅದರಲ್ಲಿ ‘ಇನ್‌ಫಾರ್ಮಲ್’, ‘ಓಲ್ಡ್ ಫ್ಯಾಷನ್ಡ್’ ಮುಂತಾದ ಗುರುತುಗಳಿರುತ್ತವೆ. 1937ರ ಲಂಡನ್ನಿನ ನಟಿ ಆಡಿದ ಮಾತನ್ನು ಇಂದಿನ ಸಂದರ್ಶನದಲ್ಲಿ ನೀವು ಆಡಬಹುದೇ ಎಂಬುದನ್ನು ಆ ಗುರುತು ನೋಡಿ ತೀರ್ಮಾನಿಸಿ.