ಹೊರಗೋಡೆಯಲ್ಲಿ ಪೈಪು ಹಾಕಿ ನೆಲದಾಳದ ಶಾಖ ಹರಿಸಿದರೆ ಮನೆ ಬೆಚ್ಚಗಿರುತ್ತದೆಯೇ?

ಜರ್ಮನಿಯಲ್ಲಿ ಮನೆ ಕಟ್ಟಿಸುತ್ತಿರುವ ನೀವು, ಹೊರಗೋಡೆಯೊಳಗೆ ಪೈಪು ಹಾಯಿಸಿ ನೆಲದಾಳದ ಶಾಖವನ್ನು ತಂದರೆ ಚಳಿಗಾಲದಲ್ಲಿ ಗೋಡೆಯ ಮೂಲಕ ಶಾಖ ಸೋರುವುದು ಕಡಿಮೆಯಾಗುತ್ತದೆಯೇ ಎಂದು ಕೇಳಿದ್ದೀರಿ. ಆಗುತ್ತದೆ. ಆದರೆ ಪೈಪು ಗೋಡೆಯ ಯಾವ ಪದರದಲ್ಲಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ತಪ್ಪು ಜಾಗದಲ್ಲಿ ಕೂರಿಸಿದರೆ ಅದೇ ನೀರು ಮನೆಯನ್ನು ತಣ್ಣಗಾಗಿಸುತ್ತದೆ. ಕಟ್ಟಡಗಳ ಶಾಖದ ಲೆಕ್ಕ ಹಾಕುವುದೇ ನನ್ನ ಕೆಲಸವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಊರಲ್ಲಿ ಚಳಿಗಾಲದ ಮುಂಜಾನೆ ಬಾವಿಯಿಂದ ಸೇದಿದ ನೀರು ಕೈಗೆ ಬೆಚ್ಚಗೆ ತಾಕುತ್ತದೆಯಲ್ಲ, ಜರ್ಮನಿಯ ನೆಲವೂ ಹಾಗೆಯೇ: 10 ಮೀಟರಿನಷ್ಟು ಆಳದಲ್ಲಿ ವರ್ಷವಿಡೀ ಸುಮಾರು 10 ಡಿಗ್ರಿ ಇರುತ್ತದೆ. ಹೊರಗೆ ಮೈನಸ್ 10, ಕೋಣೆಯಲ್ಲಿ 20 ಡಿಗ್ರಿ ಎಂದುಕೊಳ್ಳಿ. ಕಾಂಕ್ರೀಟ್ ಗೋಡೆಯ ಹೊರಮೈಗೆ 16 ಸೆಂಟಿಮೀಟರ್ ರಾಕ್‌ವೂಲ್ (ಶಾಖ ಸೋರದಂತೆ ತಡೆಯುವ ಕಲ್ಲುನಾರಿನ ಹಾಸು) ಹೊದಿಸಿದ್ದರೆ, ಪ್ರತಿ ಚದರ ಮೀಟರಿನಿಂದ ಸುಮಾರು 7.5 ವ್ಯಾಟ್ ಶಾಖ ಹೊರಹೋಗುತ್ತದೆ. ಆ ಹೊದಿಕೆಯ ಅರ್ಧ ದಪ್ಪದಲ್ಲಿ ಉಷ್ಣತೆ ಸುಮಾರು 5 ಡಿಗ್ರಿ. ಅಲ್ಲಿ 10 ಡಿಗ್ರಿಯ ನೀರು ಹರಿದರೆ ಕೋಣೆಯ ನಷ್ಟ 5 ವ್ಯಾಟಿಗೆ ಇಳಿಯುತ್ತದೆ, ಹೊರಗಿನ ಚಳಿಗೆ ಹೋಗುವ ಉಳಿದ ಶಾಖವನ್ನು ಭೂಮಿಯೇ ಭರಿಸುತ್ತದೆ. ಕೆಲಸ ಸುಲಭವೆಂದು ಪೈಪನ್ನು ಕಾಂಕ್ರೀಟು ಮತ್ತು ರಾಕ್‌ವೂಲ್ ನಡುವೆ ಕೂರಿಸಿದರೆ ಮಾತ್ರ ಲೆಕ್ಕ ತಲೆಕೆಳಗಾಗುತ್ತದೆ. ಆ ಜಾಗ ಮೊದಲೇ 18 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ, ನೀರು ಕೋಣೆಯ ಶಾಖವನ್ನೇ ಹೀರಿ ಭೂಮಿಗೆ ಒಯ್ಯುತ್ತದೆ; ಗೋಡೆಯ ಒಳಮೈ ತಣ್ಣಗಾಗಿ ಬೆವರಬಹುದು, ಬೂಷ್ಟು ಹಿಡಿಯಬಹುದು. ಎಡ್ಮಂಡ್ ಕ್ರೆಕೆ ಎಂಬವರು ರೂಪಿಸಿದ, ಗೋಡೆಯಲ್ಲಿ ಹೀಗೆಯೇ ಪೈಪು ಹಾಯಿಸುವ ಪದ್ಧತಿಯಲ್ಲಿ ಚಾವಣಿಯ ಪೈಪುಗಳು ಹಿಡಿದ ಬಿಸಿಲಿನ ಶಾಖವನ್ನು ತಳಪಾಯದಡಿಯ ಮಣ್ಣಿನಲ್ಲಿ ಕೂಡಿಡುವುದು ಇದಕ್ಕಾಗಿಯೇ, ಗೋಡೆಗೆ ಬರುವ ನೀರು ಇನ್ನಷ್ಟು ಬೆಚ್ಚಗಿರಲೆಂದು.

ಇನ್ನೊಂದು ಮಾತನ್ನು ಮುಚ್ಚಿಡಲಾರೆ. ಪೈಪಿನ ಬದಲು ಇನ್ನೂ 8 ಸೆಂಟಿಮೀಟರ್ ರಾಕ್‌ವೂಲ್ ಸೇರಿಸಿದರೂ ನಷ್ಟ ಅದೇ 5 ವ್ಯಾಟಿಗೆ ಇಳಿಯುತ್ತದೆ. ಪಂಪೂ ಬೇಡ, ಸೋರಿಕೆಯ ಭಯವೂ ಇಲ್ಲ. ಕೊಳವೆಬಾವಿ ಕೊರೆಸುವ ಖರ್ಚು ಹೇಗೂ ಮಾಡುವುದಾದರೆ, ಅದನ್ನು ಹೀಟ್ ಪಂಪಿಗೆ (ಭೂಮಿಯ ಶಾಖವನ್ನು ಸೆಳೆದು ಹೆಚ್ಚಿನ ಉಷ್ಣತೆಗೆ ಏರಿಸುವ ಯಂತ್ರ) ಜೋಡಿಸಿ ಕೋಣೆಯ ನೆಲಹಾಸಿನಡಿಯ ಪೈಪುಗಳಲ್ಲಿ 35 ಡಿಗ್ರಿಯ ನೀರು ಹರಿಸುವುದನ್ನೇ ನಾನು ಆರಿಸಿಕೊಳ್ಳುತ್ತೇನೆ. ಆಗ 1 ಯೂನಿಟ್ ವಿದ್ಯುತ್ತಿಗೆ ಸುಮಾರು 4 ಯೂನಿಟ್ ಶಾಖ ಸಿಗುತ್ತದೆ.

ಆದರೂ ಗೋಡೆಗೇ ಪೈಪು ಬೇಕೆನಿಸಿದರೆ, ಪ್ರತಿ ಪದರದ ಉಷ್ಣತೆ ಬರೆದ ಅಡ್ಡಕೊಯ್ತದ ನಕ್ಷೆಯನ್ನು ಗುತ್ತಿಗೆದಾರರಿಂದ ಮೊದಲು ಕೇಳಿ ಪಡೆಯಿರಿ. ಗೋಡೆಯೊಳಗೆ ಪೈಪಿಗೆ ಒಂದೂ ಜೋಡಣೆ ಇರಬಾರದು, ಮತ್ತು ಆ ಪದರ ನೀರಿಗಿಂತ ಬೆಚ್ಚಗಾದ ಕೂಡಲೇ ಪಂಪು ತಾನಾಗಿ ನಿಲ್ಲುವಂತಿರಬೇಕು.